ಮರೆತುಹೋದ ಎರಡನೆಯ ದಂತಧಾವನ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಮನೆಗಳಲ್ಲಿ ಐವತ್ತು ದಾಟಿದವರಿಗೆ ಒಂದೊಂದೇ ಹಲ್ಲು ಸಡಿಲಗೊಂಡು ಬಿದ್ದರೆ ಯಾರೂ ಅಚ್ಚರಿಪಡುವುದಿಲ್ಲ. ಕೂದಲು ನರೆತಂತೆ, ಕಣ್ಣು ಮಂಜಾದಂತೆ ಹಲ್ಲು ಬೀಳುವುದೂ ವಯೋಧರ್ಮವೆಂದು ನಮ್ಮ ಜನ ಒಪ್ಪಿಕೊಂಡುಬಿಟ್ಟಿದ್ದಾರೆ. ಮಲೆನಾಡಿನ ಈ ಭಾಗದಲ್ಲಿ ನಾಲ್ಕು ದಶಕಗಳಿಗೆ ಸಮೀಪ ವೈದ್ಯವೃತ್ತಿಯಲ್ಲಿರುವ ನಾವು ಈ ನಂಬಿಕೆಯನ್ನು ಒಪ್ಪುವುದಿಲ್ಲ. ವಯಸ್ಸಿನಿಂದ ಹಲ್ಲು ಸವೆಯಬಹುದು, ಬಣ್ಣಗೆಡಬಹುದು. ಆದರೆ ವಯಸ್ಸೊಂದರ ಕಾರಣಕ್ಕೇ ಬೀಳುವುದಿಲ್ಲ. ಬೀಳುವ ಹಲ್ಲಿನ ಹಿಂದೆ ಬಹುಮಟ್ಟಿಗೆ ಹತ್ತು ಹದಿನೈದು ವರ್ಷಗಳಿಂದ ಸದ್ದಿಲ್ಲದೆ ಬೆಳೆದ ಒಂದು ರೋಗವಿರುತ್ತದೆ. ಆ ರೋಗದ ಹಿಂದೆ ಅಷ್ಟೇ ವರ್ಷಗಳ ದಿನಚರಿ ಇರುತ್ತದೆ. ಎಪ್ಪತ್ತೈದರಲ್ಲಿಯೂ ಚಕ್ಕುಲಿ ಕಡಿದು ತಿನ್ನುವ ಹಿರಿಯರು ನಮ್ಮ ಹಳ್ಳಿಗಳಲ್ಲಿದ್ದಾರೆ. ಅವರ ಪಕ್ಕದ ಮನೆಯಲ್ಲಿಯೇ ನಲವತ್ತೈದಕ್ಕೆ ಅಕ್ಕಿರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುವವರೂ ಇದ್ದಾರೆ. ಇಬ್ಬರೂ ಕುಡಿಯುವುದು ಅದೇ ಹಳ್ಳದ ನೀರು, ಉಣ್ಣುವುದು ಅದೇ ಗದ್ದೆಯ ಅಕ್ಕಿ.

ಆಯುರ್ವೇದದ ಶಲ್ಯತಂತ್ರದ ಆಕರಗ್ರಂಥವಾದ ಸುಶ್ರುತಸಂಹಿತೆಯು ಬಾಯಿಯ ರೋಗಗಳನ್ನು 65 ಎಂದು ಎಣಿಸುತ್ತದೆ. ಇದರಲ್ಲಿ ನಮ್ಮ ಗಮನ ಸೆಳೆಯಬೇಕಾದ ಸಂಗತಿಯೊಂದಿದೆ. ಹಲ್ಲಿಗೇ ಬರುವ ರೋಗಗಳು 8 ಮಾತ್ರ. ದಂತಮೂಲದ, ಎಂದರೆ ಹಲ್ಲನ್ನು ಹಿಡಿದು ನಿಲ್ಲಿಸಿರುವ ವಸಡಿನ ಮತ್ತು ಬುಡದ ರೋಗಗಳು 15. ಹಲ್ಲು ಕೆಡುವುದಕ್ಕಿಂತ ಹಲ್ಲಿನ ನೆಲೆ ಕೆಡುವ ಬಗೆಗಳೇ ಹೆಚ್ಚೆಂಬುದನ್ನು ಪ್ರಾಚೀನರು ಕಂಡುಕೊಂಡಿದ್ದರು. ಇದ್ದಕ್ಕಿದ್ದಂತೆ ರಕ್ತ ಒಸರುವ, ದುರ್ಗಂಧದಿಂದ ಕೂಡಿ ವಸಡು ಕೊಳೆಯುತ್ತ ಹೋಗುವ ರೋಗಕ್ಕೆ ಶೀತಾದವೆಂದೂ, ವಸಡು ಉರಿದು ಕೀವುಗಟ್ಟಿ ಹಲ್ಲು ಅಲುಗಾಡುವ ರೋಗಕ್ಕೆ ಉಪಕುಶವೆಂದೂ ಅವರು ಹೆಸರಿಟ್ಟರು. ಇಂದಿನ ದಂತವೈದ್ಯರು ಪೆರಿಯೊಡಾಂಟೈಟಿಸ್ ಎಂದು ಕರೆಯುವ ವ್ಯಾಧಿಯ ಲಕ್ಷಣಗಳು ಇವುಗಳಿಗೆ ಬಹಳ ಹತ್ತಿರವಾಗಿವೆ. ತೋಟಗಾರರಾದ ನಮ್ಮ ಭಕ್ತರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಇಳಿಜಾರಿನಲ್ಲಿ ಮಳೆಗೆ ಮಣ್ಣು ಕೊಚ್ಚಿಹೋದ ಮೇಲೆ ಗಿಡ ಎಷ್ಟೇ ಹಸಿರಾಗಿದ್ದರೂ ನಿಲ್ಲುವುದಿಲ್ಲ. ಹುಳುಕಿಲ್ಲದ, ಬೆಳ್ಳಗಿನ, ಗಟ್ಟಿ ಹಲ್ಲು ಕೂಡ ಬುಡದ ಎಲುಬು ಕರಗಿದರೆ ಕೈಗೆ ಬಂದುಬಿಡುತ್ತದೆ. ಇಂಥ ಹಲ್ಲನ್ನು ಕಾಗದದಲ್ಲಿ ಸುತ್ತಿಕೊಂಡು ತಂದು, ಇದಕ್ಕೆ ಏನೂ ಆಗಿರಲಿಲ್ಲವಲ್ಲ ಡಾಕ್ಟ್ರೇ ಎಂದು ಕೇಳುವವರನ್ನು ನಾವು ಅನೇಕ ಬಾರಿ ಕಂಡಿದ್ದೇವೆ.

ವಸಡಿನ ಬುಡದಲ್ಲಿ ಏನು ನಡೆಯುತ್ತದೆ? ಊಟವಾದ ಮೇಲೆ ಹಲ್ಲಿನ ಮೇಲೆ, ವಿಶೇಷವಾಗಿ ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ, ಕಣ್ಣಿಗೆ ಕಾಣದಷ್ಟು ತೆಳುವಾದ ಅಂಟುಪದರವೊಂದು ಕಟ್ಟಿಕೊಳ್ಳುತ್ತದೆ. ಅದರಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ನೆಲೆಸುತ್ತವೆ. ದಿನಕ್ಕೊಮ್ಮೆಯಾದರೂ ಅದನ್ನು ಪೂರ್ಣವಾಗಿ ಉಜ್ಜಿ ತೆಗೆಯದಿದ್ದರೆ, ಲಾಲಾರಸದಲ್ಲಿರುವ ಸುಣ್ಣದ ಅಂಶ ಸೇರಿ ಅದು ಗಟ್ಟಿಯಾಗುತ್ತ ಕಲ್ಲಿನಂತಾಗುತ್ತದೆ. ಆ ಕಲ್ಲಿನ ಒರಟು ಮೈಮೇಲೆ ಮತ್ತೆ ಹೊಸ ಪದರ. ವಸಡು ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ, ಬರಬರುತ್ತ ಹಲ್ಲನ್ನು ಬಿಟ್ಟು ಹಿಂದೆ ಸರಿಯುತ್ತದೆ. ಇಷ್ಟೆಲ್ಲ ನಡೆಯುವಾಗ ನೋವು ಮಾತ್ರ ಇರುವುದಿಲ್ಲ. ನೋವಿಲ್ಲದ ಕಾರಣ ವೈದ್ಯರ ಬಳಿಗೆ ಯಾರೂ ಬರುವುದಿಲ್ಲ. ಹುಳುಕುಹಲ್ಲು ರಾತ್ರಿಯೆಲ್ಲ ನಿದ್ದೆಗೆಡಿಸಿ ರೋಗಿಯನ್ನು ಎಳೆದುತರುತ್ತದೆ. ವಸಡಿನ ರೋಗ ಕಳ್ಳನಂತೆ ಬಂದು ಮನೆಯನ್ನು ಬರಿದುಮಾಡಿ ಹೋಗುತ್ತದೆ.

ಇನ್ನು ನಮ್ಮ ಮುಖ್ಯ ಆಕ್ಷೇಪಕ್ಕೆ ಬರೋಣ. ಶ್ರೀಮಠದ ಭಕ್ತರ ಮನೆಗಳಲ್ಲಿ ಬೆಳಗಿನ ದಂತಧಾವನ ತಪ್ಪುವುದಿಲ್ಲ. ಬಾಯಿ ತೊಳೆಯದೆ, ಸ್ನಾನ ಮಾಡದೆ, ಇಷ್ಟಲಿಂಗಪೂಜೆ ಮುಗಿಸದೆ ಪ್ರಸಾದ ಸ್ವೀಕರಿಸದ ಮನೆತನಗಳು ಇಂದಿಗೂ ಎಷ್ಟೋ ಇವೆ. ಇದು ಸ್ತುತ್ಯವಾದ ಆಚರಣೆ. ಆದರೆ ಇದೇ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಹಲ್ಲುಜ್ಜುವವರೆಷ್ಟು ಮಂದಿ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ರಾತ್ರಿ ಹಲ್ಲುಜ್ಜುವುದು ಪಟ್ಟಣದವರ, ಇಂಗ್ಲಿಷ್ ಶಾಲೆಯ ಮಕ್ಕಳ ಶೋಕಿ ಎಂದು ಭಾವಿಸುವವರೂ ಇದ್ದಾರೆ. ವಾಸ್ತವವಾಗಿ ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯವು ದಂತಧಾವನಕ್ಕೆ ಎರಡು ಕಾಲಗಳನ್ನು ವಿಧಿಸಿದೆ. ಅಷ್ಟಾಂಗಹೃದಯದಲ್ಲಿ ವಾಗ್ಭಟನು ಬೆಳಿಗ್ಗೆ ಎದ್ದಾಗ ಮತ್ತು ಉಂಡ ನಂತರ ಎಂದು ಇನ್ನೂ ಸ್ಪಷ್ಟಪಡಿಸಿದ್ದಾನೆ. ಹೀಗಿರುವಾಗ ಎರಡನೆಯದನ್ನು ಪಾಶ್ಚಾತ್ಯರಿಂದ ಬಂದ ಅಭ್ಯಾಸವೆನ್ನುವುದು ನಮ್ಮ ಶಾಸ್ತ್ರವನ್ನು ನಾವೇ ಅರ್ಧ ಓದಿದಂತೆ. ಆಯುರ್ವೇದದ ಹಿರಿಮೆಯನ್ನು ಸಭೆಗಳಲ್ಲಿ ಹೊಗಳುವವರು ಮೊದಲು ಈ ಒಂದು ವಿಧಿಯನ್ನು ಮನೆಯಲ್ಲಿ ಪಾಲಿಸಬೇಕೆಂದು ನಾವು ವಿನಂತಿಸುತ್ತೇವೆ.

ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ ನಾವು ರಾತ್ರಿಯದನ್ನೇ ಆರಿಸಿಕೊಳ್ಳುತ್ತೇವೆ. ಅದಕ್ಕೆ ಶರೀರಶಾಸ್ತ್ರದ ಕಾರಣವಿದೆ. ಎಚ್ಚರವಿರುವಾಗ ಬಾಯಿಯಲ್ಲಿ ಲಾಲಾರಸ ಸದಾ ಒಸರುತ್ತ ಹಲ್ಲನ್ನು ತೊಳೆಯುತ್ತಿರುತ್ತದೆ, ಆಮ್ಲವನ್ನು ಶಮನಗೊಳಿಸುತ್ತದೆ, ಕಳೆದುಹೋದ ಖನಿಜಾಂಶವನ್ನು ಹಲ್ಲಿಗೆ ಮರಳಿ ತುಂಬುತ್ತದೆ. ನಿದ್ರೆಯಲ್ಲಿ ಈ ಒಸರು ಬಹುಪಾಲು ನಿಂತುಹೋಗುತ್ತದೆ. ಬಾಯಿ ತೆರೆದು ಮಲಗುವವರಲ್ಲಿ ಬಾಯಿ ಇನ್ನಷ್ಟು ಒಣಗುತ್ತದೆ. ರಕ್ತದೊತ್ತಡ, ಮನೋವ್ಯಾಧಿ, ಅಲರ್ಜಿ ಮುಂತಾದವುಗಳಿಗೆ ಕೊಡುವ ಕೆಲವು ಔಷಧಗಳಿಂದಲೂ ಲಾಲಾರಸ ಕಡಿಮೆಯಾಗುತ್ತದೆ. ಒಂಬತ್ತು ಗಂಟೆಗೆ ಅನ್ನ, ಸಾರು, ಮೇಲೊಂದು ಬಾಳೆಹಣ್ಣು, ಬೆಲ್ಲ ಹಾಕಿದ ಹಾಲು ಸೇವಿಸಿ ಹಾಗೆಯೇ ಮಲಗಿದವರ ಬಾಯಿಯಲ್ಲಿ ಬೆಳಗಿನ ಐದರವರೆಗೆ ಎಂಟು ಗಂಟೆಗಳ ಕಾಲ ಸೂಕ್ಷ್ಮಜೀವಿಗಳಿಗೆ ಯಾವ ಅಡ್ಡಿಯೂ ಇರುವುದಿಲ್ಲ. ಹಾನಿಯೆಲ್ಲ ಮುಗಿದ ಮೇಲೆ ಬೆಳಿಗ್ಗೆ ನಾವು ಉಜ್ಜುತ್ತೇವೆ.

ಕಾಫಿಯ ನಾಡಿನಲ್ಲಿದ್ದುಕೊಂಡು ಕಾಫಿಯ ವಿಷಯ ಎತ್ತದಿರಲು ಸಾಧ್ಯವಿಲ್ಲ. ಬಾಬಾ ಬುಡನ್ ತಂದರೆಂದು ಹೇಳಲಾಗುವ ಏಳು ಬೀಜಗಳ ಕಥೆಯನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ಕಾಫಿಯಿಂದ ಹಲ್ಲಿಗೆ ಕಲೆಯಾದೀತೇ ಹೊರತು ಹುಳುಕು ಹಿಡಿಯುವುದಿಲ್ಲ. ದೋಷವಿರುವುದು ಅದರೊಡನೆ ಬೆರೆಸುವ ಸಕ್ಕರೆಯಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ದಿನಕ್ಕೆಷ್ಟು ಸಲ ಎಂಬ ಲೆಕ್ಕದಲ್ಲಿ. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಅಂಟುಪದರ ಆಮ್ಲಮಯವಾಗುತ್ತದೆ. ಆಮ್ಲತೆಯ ಅಳತೆಯಲ್ಲಿ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ ಎಂಬ ಹೊರಕವಚ ಕರಗತೊಡಗುತ್ತದೆ. ಅದು ಯಥಾಸ್ಥಿತಿಗೆ ಬರಲು ಅರ್ಧ ಗಂಟೆ, ಕೆಲವರಲ್ಲಿ ಇನ್ನೂ ಹೆಚ್ಚು ಸಮಯ ಬೇಕು. ಈಗ ನಮ್ಮ ದಿನವನ್ನು ನೋಡಿ. ಎದ್ದೊಡನೆ ಒಂದು ಲೋಟ, ತಿಂಡಿಯೊಡನೆ ಒಂದು, ಹತ್ತೂವರೆಗೆ ತೋಟದಲ್ಲಿ ಒಂದು, ಯಾರೋ ಬಂದರೆಂದು ಇನ್ನೊಂದು, ಸಂಜೆ ಒಂದು, ಕತ್ತಲಾದ ಮೇಲೆ ಚಳಿಗೆಂದು ಮತ್ತೊಂದು. ಪ್ರತಿ ಲೋಟಕ್ಕೆ ಎರಡು ಚಮಚದಂತೆ ಹನ್ನೆರಡು ಚಮಚ, ಎಂದರೆ ಸುಮಾರು 50 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಮಾರ್ಗಸೂಚಿಯಲ್ಲಿ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಸಕ್ಕರೆಯಿಂದ ಬರಲಿ ಎಂದಿದೆ, ಶೇ. 5ಕ್ಕೆ, ಎಂದರೆ ಸುಮಾರು 25 ಗ್ರಾಮಿಗೆ ಇಳಿಸಿದರೆ ಮತ್ತಷ್ಟು ಒಳಿತೆಂದೂ ಸೂಚಿಸಿದೆ. ಕಾಫಿಯೊಂದರಲ್ಲಿಯೇ ನಾವು ಅದರ ಎರಡರಷ್ಟನ್ನು ಮುಗಿಸುತ್ತೇವೆ. ಮನೆಗೆ ಬಂದವರಿಗೆ ಕೊಡುವ ಕೊಬ್ಬರಿಮಿಠಾಯಿ ಬೇರೆ.

ನಾವು ಸಕ್ಕರೆ ಬಿಟ್ಟಿದ್ದೇವೆ, ಬೆಲ್ಲದ ಕಾಫಿ ಕುಡಿಯುತ್ತೇವೆ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಬೆಲ್ಲಕ್ಕೆ ತನ್ನದೇ ಆದ ಗುಣಗಳಿವೆ, ನಾವೂ ಔಷಧಗಳಲ್ಲಿ ಬಳಸುತ್ತೇವೆ. ಆದರೆ ಹಲ್ಲಿನ ಮೇಲಿನ ಸೂಕ್ಷ್ಮಜೀವಿಗೆ ಬೆಲ್ಲವೂ ಸಕ್ಕರೆಯೇ. ಕಾಫಿ ಬಿಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಈ ಸೀಮೆಯಲ್ಲಿ ಹೇಳಿದರೆ ಕೇಳುವವರೂ ಇಲ್ಲ. ಆರು ಸಲದ ಕಾಫಿಯಲ್ಲಿ ತಿಂಡಿಯ ಜೊತೆಯ ಎರಡು ಸಲಕ್ಕೆ ಸಿಹಿ ಇರಲಿ, ಉಳಿದವು ಸಪ್ಪೆಯಾಗಿರಲಿ. ಒಂದೇ ಲೋಟವನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಗುಟುಕರಿಸುವುದಕ್ಕಿಂತ ಹತ್ತು ನಿಮಿಷದಲ್ಲಿ ಕುಡಿದು ಮುಗಿಸಿ, ಒಂದು ಬಾಯಿ ನೀರು ಮುಕ್ಕಳಿಸಿ ಉಗುಳುವುದು ಮೇಲು. ಕೊಯ್ಲಿನ ದಿನಗಳಲ್ಲಿ ತೋಟದ ಕಿತ್ತಳೆಯನ್ನು ಬೆಳಗಿನಿಂದ ಸಂಜೆಯವರೆಗೆ ತಿನ್ನುವ ಅಭ್ಯಾಸವುಳ್ಳವರೂ ಇದನ್ನು ನೆನಪಿಡಬೇಕು. ಹುಳಿ ತಿಂದ ಕೂಡಲೇ ಹಲ್ಲುಜ್ಜಬಾರದು. ಮೆದುವಾದ ಎನಾಮಲ್ ಸವೆದುಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಉಜ್ಜಬೇಕು.

ಯಾವುದರಿಂದ ಉಜ್ಜಬೇಕೆಂಬ ಪ್ರಶ್ನೆಯನ್ನು ಭಕ್ತರು ನಮಗೆ ಹೆಚ್ಚಾಗಿ ಕೇಳುತ್ತಾರೆ, ಅದರಲ್ಲಿಯೂ ಬೇವಿನ ಕಡ್ಡಿಯ ಬಗ್ಗೆ. ಸುಶ್ರುತನು ಹನ್ನೆರಡು ಅಂಗುಲ ಉದ್ದದ, ಕಿರುಬೆರಳ ಗಾತ್ರದ, ನೇರವಾದ, ಗಂಟಿಲ್ಲದ ಕಡ್ಡಿಯನ್ನು ವಿಧಿಸಿ, ಕಹಿಯಲ್ಲಿ ಬೇವು, ಒಗರಿನಲ್ಲಿ ಕಾಚಿನ ಮರ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದಿದ್ದಾನೆ. ಆದರೆ ಬೇವು ಬಯಲುಸೀಮೆಯ ಮರ. ಕಡೂರಿನ ಕಡೆ ಮನೆಮನೆಯ ಮುಂದೆ ಕಾಣುವ ಬೇವು ಮೂಡಿಗೆರೆ, ಕಳಸದ ಮಳೆಯಲ್ಲಿ ಅಪರೂಪ. ಪೇಟೆಯಿಂದ ಒಣಕಡ್ಡಿಯ ಕಟ್ಟು ತಂದು ವಾರಗಟ್ಟಲೆ ಬಳಸುವವರಿಗೆ ನಾವು ಹೇಳುವುದಿಷ್ಟು: ಒಣಗಿದ ಕಡ್ಡಿಯಲ್ಲಿ ರಸವೂ ಇಲ್ಲ, ಮೃದುತ್ವವೂ ಇಲ್ಲ, ಅದು ವಸಡನ್ನು ಗೀರುತ್ತದೆ. ಕಡ್ಡಿಯೇ ಬೇಕೆಂದರೆ ವಾಗ್ಭಟನು ಹೇಳಿದ ಕಕುಭ, ಎಂದರೆ ಹೊಳೆಮತ್ತಿಯ ಎಳೆಯ ಹಸಿಕಡ್ಡಿಯನ್ನು ಹೊಳೆಯಂಚಿನಲ್ಲಿ ದೊರೆತಲ್ಲಿ ಬಳಸಬಹುದು. ಆಲದ ಕಡ್ಡಿಯೂ ಆಗುತ್ತದೆ. ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಮಾಡಿಕೊಳ್ಳಬೇಕು. ಜ್ವರ, ಕೆಮ್ಮು, ಅಜೀರ್ಣ, ಬಾಯಿಹುಣ್ಣು ಇರುವಾಗ ಕಡ್ಡಿಯಿಂದ ಉಜ್ಜಬಾರದೆಂದು ಶಾಸ್ತ್ರವೇ ನಿಷೇಧಿಸಿದೆ. ಕಡ್ಡಿಯಿಂದ ಮುಂದಿನ ಹಲ್ಲು ಶುಚಿಯಾಗುತ್ತದೆ. ದವಡೆಹಲ್ಲಿನ ಒಳಬದಿ ತಲುಪುವುದು ಕಷ್ಟ. ನಮ್ಮ ಜನ ಕಳೆದುಕೊಳ್ಳುವುದು ದವಡೆಹಲ್ಲುಗಳನ್ನೇ ಹೆಚ್ಚು.

ಆದಕಾರಣ ದಿನನಿತ್ಯಕ್ಕೆ ಮೃದುವಾದ ಎಳೆಗಳ ಬ್ರಷ್ಷನ್ನೇ ನಾವು ಸಲಹೆ ಮಾಡುತ್ತೇವೆ. ಇದು ಶಾಸ್ತ್ರವಿರುದ್ಧವೆಂದು ಯಾರೂ ಭಾವಿಸಬೇಕಿಲ್ಲ. ಮೃದುವಾದ ಕೂರ್ಚದಿಂದ, ಒಂದೊಂದೇ ಹಲ್ಲನ್ನು, ವಸಡಿಗೆ ನೋವಾಗದಂತೆ ಉಜ್ಜಬೇಕೆಂಬ ಸುಶ್ರುತನ ವಿಧಿಯನ್ನು ಓದಿದರೆ ಇಂದಿನ ದಂತವೈದ್ಯರೇ ಮಾತನಾಡಿದಂತೆ ತೋರುತ್ತದೆ. ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಸಣ್ಣ ಸಣ್ಣ ಚಲನೆಯಿಂದ ಎರಡು ನಿಮಿಷ ಉಜ್ಜಬೇಕು. ಪಾತ್ರೆ ತಿಕ್ಕಿದಂತೆ ಬಲವಾಗಿ ಅಡ್ಡಡ್ಡ ಎಳೆಯುವವರ ಹಲ್ಲಿನ ಬುಡದಲ್ಲಿ ಕೊಡಲಿಯ ಕಚ್ಚಿನಂಥ ಗುರುತು ಬಿದ್ದಿರುತ್ತದೆ. ತಣ್ಣೀರು ತಾಗಿದರೆ ಜುಮ್ಮೆನ್ನುವುದು ಅಲ್ಲಿಂದಲೇ. ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಾಯಿಸಬೇಕು. ಆಷಾಢ ಶ್ರಾವಣದ ಜಡಿಮಳೆಯಲ್ಲಿ ನಮ್ಮ ಬಚ್ಚಲಮನೆಗಳಲ್ಲಿ ಬ್ರಷ್ ಒಣಗುವುದೇ ಇಲ್ಲ. ಮುಚ್ಚಳ ಹಾಕಿದ ಡಬ್ಬಿಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಕಡೆ ತಲೆಮೇಲಾಗಿ ನಿಲ್ಲಿಸಿಡಿ. ಹಲ್ಲುಗಳ ಸಂದಿಗೆ ಬ್ರಷ್ ತಲುಪುವುದಿಲ್ಲ. ಅದಕ್ಕೆಂದೇ ಔಷಧದಂಗಡಿಯಲ್ಲಿ ಸಿಗುವ ದಾರ ಅಥವಾ ಸಣ್ಣ ಸಂದಿಬ್ರಷ್ ಬಳಸಬೇಕು. ಪೊರಕೆಕಡ್ಡಿಯಿಂದ ಕೆದಕುವುದನ್ನೂ, ನಮ್ಮ ತಾಯಂದಿರು ಮಾಂಗಲ್ಯದ ಸರಕ್ಕೆ ಸಿಕ್ಕಿಸಿಕೊಂಡ ಪಿನ್ನಿನಿಂದ ಹಲ್ಲು ಚುಚ್ಚಿಕೊಳ್ಳುವುದನ್ನೂ ದಯಮಾಡಿ ನಿಲ್ಲಿಸಬೇಕು. ನಾಲಿಗೆಗೆ ಬಾಗಿದ, ಹರಿತವಲ್ಲದ ತಾಮ್ರದ ಅಥವಾ ಸ್ಟೀಲಿನ ಪಟ್ಟಿ ಸಾಕು.

ಟೂತ್‌ಪೇಸ್ಟಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಕೆಲವು ವೈದ್ಯಮಿತ್ರರಿಗೆ ರುಚಿಸುವುದಿಲ್ಲ. ಫ್ಲೋರೈಡ್ ಎಂದರೆ ವಿಷವೆಂಬ ಸಂದೇಶಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ಪಾವಗಡದಂತಹ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅತಿಯಾಗಿ ಹಲ್ಲು, ಮೂಳೆ ಕೆಟ್ಟಿರುವುದು ನಿಜ. ನಮ್ಮ ಹಳ್ಳ, ಝರಿ, ತೆರೆದ ಬಾವಿಗಳ ನೀರು ಮಳೆಯಿಂದ ತುಂಬುವಂಥದ್ದು. ಅದರಲ್ಲಿ ಆ ಅಂಶ ಸಾಮಾನ್ಯವಾಗಿ ಕಡಿಮೆ. ಹತ್ತು ಲಕ್ಷಕ್ಕೆ ಸುಮಾರು 1000 ಭಾಗ ಫ್ಲೋರೈಡ್ ಇರುವ ಪೇಸ್ಟನ್ನು ಕಡಲೆಕಾಳಿನಷ್ಟು ಹಚ್ಚಿ ಉಜ್ಜಿ ಉಗುಳುವುದರಿಂದ ವಯಸ್ಕರಿಗೆ ಹಾನಿಯಿಲ್ಲ. ಹುಳುಕು ತಡೆಯುವಲ್ಲಿ ಅದರಷ್ಟು ಪರೀಕ್ಷಿತವಾದ ವಸ್ತು ಇನ್ನೊಂದಿಲ್ಲ. ರಾತ್ರಿ ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು, ನಾಲ್ಕಾರು ಬಾರಿ ಮುಕ್ಕಳಿಸಿ ಔಷಧವನ್ನೆಲ್ಲ ಹೊರಹಾಕಬೇಕಾಗಿಲ್ಲ. ನಮ್ಮ ಶಾಸ್ತ್ರೋಕ್ತ ದಂತಚೂರ್ಣಗಳೂ ಒಳ್ಳೆಯವೇ, ಆದರೆ ವಸ್ತ್ರಗಾಳಿತವಾಗಿ ನುಣುಪಾಗಿರಬೇಕು. ಬಿಲ್ಲೆಇಟ್ಟಿಗೆಯ ಪುಡಿ, ಒಲೆಯ ಬೂದಿ, ಭತ್ತದ ಉಮಿ ಸುಟ್ಟ ಕರಿ, ಕಲ್ಲುಪ್ಪು ಇವು ಮೊದಲ ದಿನ ಹಲ್ಲನ್ನು ಹೊಳೆಯಿಸುತ್ತವೆ, ಹತ್ತು ವರ್ಷದಲ್ಲಿ ಎನಾಮಲನ್ನು ಮರಳುಕಾಗದದಂತೆ ಸವೆಸುತ್ತವೆ. ಇತ್ತೀಚೆಗೆ ಇದ್ದಿಲ ಪೇಸ್ಟೆಂದು ದುಬಾರಿ ಬೆಲೆಗೆ ಮಾರಾಟವಾಗುತ್ತಿರುವುದನ್ನು ಕಂಡಾಗ ನಮ್ಮ ಅಜ್ಜಿಯರು ನಕ್ಕಾರು.

ತಂಬಾಕಿನ ವಿಷಯ ಬಂದಾಗ ಮಾತ್ರ ನಮ್ಮ ಮಾತು ಕಟುವಾಗುವುದು ಅನಿವಾರ್ಯ. ಊಟದ ನಂತರ ತಾಂಬೂಲ ಸ್ವೀಕರಿಸುವುದನ್ನು ಚರಕ, ಸುಶ್ರುತರಿಬ್ಬರೂ ಹೇಳಿದ್ದಾರೆ. ಏಲಕ್ಕಿ, ಲವಂಗ, ಜಾಯಿಕಾಯಿ, ಪಚ್ಚಕರ್ಪೂರ, ಅಡಿಕೆ, ವೀಳ್ಯದೆಲೆ ಅದರ ಸಾಮಗ್ರಿ. ಹೊಗೆಸೊಪ್ಪಿನ ಹೆಸರು ಎಲ್ಲಿಯೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಮೂಲಕ ನಮ್ಮ ದೇಶಕ್ಕೆ ಬಂದದ್ದು. ಹೀಗಿದ್ದರೂ ಇಂದು ನಮ್ಮಲ್ಲಿ ಎಲೆಅಡಿಕೆ ಎಂದರೆ ಅದರೊಳಗೆ ಒಂದು ಚೂರು ಹೊಗೆಸೊಪ್ಪು ಅಥವಾ ಕಡ್ಡಿಪುಡಿ ಇದ್ದೇ ಇರುತ್ತದೆ. ಕೆನ್ನೆಯ ಒಂದೇ ಬದಿಯಲ್ಲಿ ಗಂಟೆಗಟ್ಟಲೆ ಇಟ್ಟುಕೊಂಡ ಈ ಉಂಡೆ ಆ ಜಾಗದ ವಸಡನ್ನು ಹಿಂದೆ ಸರಿಸುತ್ತದೆ, ಕೆನ್ನೆಯ ಒಳಪದರವನ್ನು ಬಿಳಿಚಿಸುತ್ತದೆ, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಹೊಗೆಸೊಪ್ಪು ಸುಟ್ಟ ಪುಡಿಯಿಂದ ಹಲ್ಲುಜ್ಜಿದರೆ ಹಲ್ಲುನೋವು ನಿಲ್ಲುತ್ತದೆಂಬ ನಂಬಿಕೆ ಹಿಂದಿನ ತಲೆಮಾರಿನ ಹೆಂಗಸರಲ್ಲಿ ಬಲವಾಗಿತ್ತು. ಇನ್ನೂ ಪೂರ್ತಿ ಹೋಗಿಲ್ಲ. ಟೂತ್‌ಪೇಸ್ಟ್, ಹಲ್ಲುಪುಡಿಗಳಲ್ಲಿ ತಂಬಾಕು ಸೇರಿಸುವುದನ್ನು ಭಾರತ ಸರ್ಕಾರ 1992ರಲ್ಲಿಯೇ ನಿಷೇಧಿಸಿತು. ಗುಟ್ಕಾವನ್ನು ಕರ್ನಾಟಕ ಸರ್ಕಾರ 2013ರಲ್ಲಿ ನಿಷೇಧಿಸಿತು. ಅಂಗಡಿಯವರು ಈಗ ಅಡಿಕೆಯದೊಂದು, ತಂಬಾಕಿನದೊಂದು ಎಂದು ಎರಡು ಪೊಟ್ಟಣ ಕೊಡುತ್ತಾರೆ, ಕೊಂಡವರು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ.

ಅಡಿಕೆಯ ಬಗ್ಗೆ ಹೇಳುವಾಗ ನಮಗೂ ಸಂಕೋಚವಿದೆ. ಕಳಸ, ಕೊಪ್ಪ, ಶೃಂಗೇರಿಯ ಬೆಳೆಗಾರ ಭಕ್ತರು ಹಳದಿ ಎಲೆ ರೋಗದಿಂದಲೂ ಎಲೆಚುಕ್ಕೆ ರೋಗದಿಂದಲೂ ಮೊದಲೇ ಕಂಗೆಟ್ಟಿದ್ದಾರೆ. ಗಾಯದ ಮೇಲೆ ಉಪ್ಪು ಸವರುವ ಇಚ್ಛೆ ನಮಗಿಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿರುವುದನ್ನು ವೈದ್ಯರಾದವರು ಮುಚ್ಚಿಡುವಂತಿಲ್ಲ. ಅಡಿಕೆಯನ್ನು ದಿನವಿಡೀ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ನಾರುನಾರಾಗಿ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುವ ರೋಗವನ್ನು ನಮ್ಮ ಚಿಕಿತ್ಸಾಲಯದಲ್ಲಿಯೇ ಕಂಡಿದ್ದೇವೆ, ಅದೂ ಮೂವತ್ತರೊಳಗಿನ ಯುವಕರಲ್ಲಿ. ಶಾಸ್ತ್ರದಲ್ಲಿ ಅಡಿಕೆಯ ಹೆಸರಿದೆಯಲ್ಲ ಎಂದು ಕೇಳಿದರೆ ನಮ್ಮ ಉತ್ತರವಿದು: ಅಲ್ಲಿ ಹೇಳಿದ್ದು ಬಾಯಿಯ ಸುಗಂಧಕ್ಕಾಗಿ ಹಲವು ದ್ರವ್ಯಗಳೊಡನೆ ಬಳಸುವುದನ್ನು, ದಿನಕ್ಕೆ ಹತ್ತು ಹದಿನೈದು ಪೊಟ್ಟಣ ಹರಿಯುವುದನ್ನಲ್ಲ. ಮಂಗಳಕಾರ್ಯದ ತಟ್ಟೆಯಲ್ಲಿ ಅಡಿಕೆ ಇರಲಿ, ಅದಕ್ಕೆ ಸಲ್ಲುವ ಗೌರವ ಸಲ್ಲಲಿ. ನಿತ್ಯ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವನ್ನು ಬಿಡುವುದೇ ಲೇಸು. ಊಟದ ನಂತರ ಬಾಯಿಗೆ ಏನಾದರೂ ಬೇಕೆನ್ನುವವರಿಗೆ ಒಂದು ಲವಂಗ, ಎರಡು ಏಲಕ್ಕಿ ನಮ್ಮ ತೋಟದಲ್ಲಿಯೇ ಇವೆ.

ಲೈನ್ ಮನೆಗಳಲ್ಲಿ ವಾಸಿಸುವ ತೋಟದ ಕಾರ್ಮಿಕರ ಬಗೆಗೂ ಇಲ್ಲಿ ಒಂದು ಮಾತು ಹೇಳಬೇಕು, ಏಕೆಂದರೆ ಶ್ರೀಮಠದ ಭಕ್ತರಲ್ಲಿ ತೋಟದ ಮಾಲೀಕರೂ ಬಹಳಷ್ಟು ಮಂದಿ ಇದ್ದಾರೆ. ಚಳಿ, ಮಳೆ, ಜಿಗಣೆಗಳ ನಡುವೆ ಹಸಿವು ಮರೆಯಲು ಕಾರ್ಮಿಕರು ಎಲೆಅಡಿಕೆಗೆ ಶರಣಾಗುತ್ತಾರೆ. ಅವರಿಗೆ ಉಪದೇಶ ಮಾಡುವ ಮೊದಲು ಮಾಲೀಕರು ಹತ್ತೂವರೆಯ ಕಾಫಿಯೊಡನೆ ಏನಾದರೂ ತಿನ್ನಲು ಕೊಡುತ್ತಾರೆಯೇ ಎಂದು ನೋಡಿಕೊಳ್ಳಬೇಕು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯು ತೋಟದ ಕಾರ್ಮಿಕರ ವೈದ್ಯಕೀಯ ಸೌಲಭ್ಯವನ್ನು ಮಾಲೀಕರ ಹೊಣೆಯನ್ನಾಗಿ ಮಾಡಿತ್ತು. ಆ ಹೊಣೆಯಲ್ಲಿ ಹಲ್ಲು ಸೇರುತ್ತದೆಂದು ಯಾರಿಗೂ ಹೊಳೆದಂತಿಲ್ಲ. ಮಳೆಗಾಲಕ್ಕೆ ಮುನ್ನ ಕಂಬಳಿ ಕೊಡುವ ಪದ್ಧತಿಯುಳ್ಳ ತೋಟಗಳಲ್ಲಿ ಕಂಬಳಿಯ ಜೊತೆ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬ್ರಷ್, ಒಂದು ಪೇಸ್ಟ್ ಕೊಟ್ಟರೆ ತಗಲುವ ಖರ್ಚು ಒಂದು ಚೀಲ ಗೊಬ್ಬರದ ಮುಂದೆ ಅತ್ಯಲ್ಪ. ವರ್ಷಕ್ಕೊಂದು ದಿನ ದಂತವೈದ್ಯರನ್ನು ತೋಟಕ್ಕೆ ಕರೆಸಿದರೆ ಇನ್ನೂ ಉತ್ತಮ.

ದಂತವೈದ್ಯರೆಂದೊಡನೆ ನಮ್ಮವರಿಗೆ ಇರುವ ಭಯವೂ ವಿಚಿತ್ರವಾದುದು. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎನ್ನುತ್ತಾರೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎನ್ನುತ್ತಾರೆ. ಎರಡೂ ನಿರಾಧಾರ. ಹಲ್ಲಿನ ಮೇಲೆ ಮಲ ಗಟ್ಟಿಯಾಗಿ ಕಲ್ಲಿನ ಹರಳಿನಂತೆ ಕೂರುವುದನ್ನು ಸುಶ್ರುತನು ದಂತಶರ್ಕರಾ ಎಂದು ಕರೆದು, ದಂತಮೂಲಕ್ಕೆ ಹಾನಿಯಾಗದಂತೆ ವೈದ್ಯನು ಅದನ್ನು ಕೆರೆದು ತೆಗೆಯಬೇಕೆಂದು ಚಿಕಿತ್ಸಾಸ್ಥಾನದಲ್ಲಿ ವಿಧಿಸಿದ್ದಾನೆ. ಇಂದಿನ ಸ್ಕೇಲಿಂಗ್ ಇದೇ ಅಲ್ಲವೇ? ವರ್ಷಗಟ್ಟಲೆ ಕಟ್ಟಿದ ಕಲ್ಲು ತೆಗೆದಾಗ ಹಲ್ಲು ಅಲುಗಾಡಿದಂತೆ ಅನಿಸುವುದುಂಟು. ಹಲ್ಲು ಮೊದಲೇ ಸಡಿಲವಾಗಿತ್ತು, ಕಲ್ಲು ಅದನ್ನು ಗಾರೆಯಂತೆ ಹಿಡಿದಿತ್ತು, ಅಷ್ಟೇ. ಎಷ್ಟು ಬೇಗ ತೆಗೆಸುತ್ತೇವೆಯೋ ಅಷ್ಟು ಹಲ್ಲು ಉಳಿಯುತ್ತದೆ. ಕಳಸದವರು ಘಾಟಿ ಇಳಿದು ಮಂಗಳೂರು, ಮಣಿಪಾಲಕ್ಕೆ ಹೋಗುವುದು ಹಲ್ಲು ಕೀಳಿಸುವ ಹಂತ ಬಂದಾಗ. ಅದಕ್ಕೆ ಹತ್ತು ವರ್ಷ ಮೊದಲು ಮೂಡಿಗೆರೆಗೋ ಚಿಕ್ಕಮಗಳೂರಿಗೋ ಒಮ್ಮೆ ಹೋಗಿಬಂದಿದ್ದರೆ ಘಾಟಿ ಇಳಿಯುವ ಪ್ರಮೇಯವೇ ಬರುತ್ತಿರಲಿಲ್ಲ. ಆಯುರ್ವೇದ ವೈದ್ಯರಾದ ನಾವೇ ರೋಗಿಗಳನ್ನು ದಂತವೈದ್ಯರಲ್ಲಿಗೆ ಕಳುಹಿಸುತ್ತೇವೆ, ಅದರಲ್ಲಿ ನಮಗೆ ಕಿಂಚಿತ್ತೂ ಸಂಕೋಚವಿಲ್ಲ.

ನಮ್ಮ ಪದ್ಧತಿಯಲ್ಲಿ ಕೊಡುವಂಥದ್ದೇನೂ ಇಲ್ಲವೆಂದಲ್ಲ. ಬೆಳಿಗ್ಗೆ ಒಂದು ಚಮಚ ಎಳ್ಳೆಣ್ಣೆಯನ್ನು ಬಾಯಿಯಲ್ಲಿ ತುಂಬಿಕೊಂಡು ಐದಾರು ನಿಮಿಷವಿಟ್ಟು ಉಗುಳುವ ಗಂಡೂಷವನ್ನು ಚರಕನು ಬಹುವಾಗಿ ಕೊಂಡಾಡಿದ್ದಾನೆ. ಒಣಗುವ ಬಾಯಿಗೆ, ಜುಮ್ಮೆನ್ನುವ ಹಲ್ಲಿಗೆ ಅದು ಹಿತಕರವೆಂಬುದು ನಮ್ಮ ಅನುಭವ. ಅಳಲೆ, ತಾರೆ, ನೆಲ್ಲಿಗಳ ಕಷಾಯದಿಂದ ಮುಕ್ಕಳಿಸಿದರೆ ಊದಿದ ವಸಡು ಬಿಗಿಯಾಗುತ್ತದೆ. ಸೀಬೆಯ ಚಿಗುರೆಲೆಯ ಕಷಾಯವೂ ಹಾಗೆಯೇ. ಆದರೆ ಎಣ್ಣೆ ಮುಕ್ಕಳಿಸಿದೆವು, ಇನ್ನು ಬ್ರಷ್ ಬೇಡ ಎನ್ನುವವರಿಗೆ ನಾವು ಒಪ್ಪಿಗೆ ಕೊಡುವುದಿಲ್ಲ. ಕಲ್ಲು ಕಟ್ಟಿದ ಹಲ್ಲಿಗೆ ಯಾವ ಕಷಾಯವೂ ನಾಟುವುದಿಲ್ಲ. ಮಧುಮೇಹವುಳ್ಳವರು ವಿಶೇಷವಾಗಿ ಗಮನಿಸಬೇಕು: ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ರೋಗ ಉಲ್ಬಣಿಸುತ್ತದೆ, ವಸಡಿನಲ್ಲಿ ಕೀವು ಇರುವವರೆಗೆ ಸಕ್ಕರೆಯೂ ಸುಲಭವಾಗಿ ಹತೋಟಿಗೆ ಬರುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಚಿಕಿತ್ಸೆ ಮಾಡಿದರೆ ಔಷಧ ವ್ಯರ್ಥ.

ಉಜ್ಜುವಾಗ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬಾರದು, ಇನ್ನಷ್ಟು ಮೃದುವಾಗಿ ಉಜ್ಜುತ್ತ ಒಂದು ವಾರ ನೋಡಿ, ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಬಾಯಿಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಉದ್ದಕ್ಕೆ ಹಿಡಿಸದಷ್ಟು ಬಾಯಿ ಬಿಗಿಯುವುದು, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿನಲ್ಲಿ ಕಾಲ ಕಳೆಯಬಾರದು, ಅದು ನೋಯದಿದ್ದರೂ ಸರಿ.

ಈಗಾಗಲೇ ಹಲ್ಲು ಕಳೆದುಕೊಂಡ ಹಿರಿಯರು ಹಾಗೆಯೇ ಬೊಚ್ಚುಬಾಯಿಯಲ್ಲಿ ಗಂಜಿ ಕುಡಿದುಕೊಂಡಿರಬೇಕಾಗಿಲ್ಲ. ಬಡತನದ ರೇಖೆಯ ಕೆಳಗಿನ ಹಿರಿಯರಿಗೆ ದಂತಪಂಕ್ತಿಯನ್ನು ಉಚಿತವಾಗಿ ಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರ ಆರಂಭಿಸಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಕೃತಕ ಹಲ್ಲಿನಿಂದ ಅಗಿಯುವ ಬಲ ಸ್ವಂತ ಹಲ್ಲಿನಷ್ಟು ಬರುವುದಿಲ್ಲವಾದರೂ ಮುದ್ದೆ, ಪಲ್ಯ, ಮೆತ್ತನೆಯ ರೊಟ್ಟಿಗೆ ತೊಂದರೆಯಿಲ್ಲ. ಅದನ್ನೂ ದಿನಕ್ಕೆರಡು ಬಾರಿ ಸಾಬೂನುನೀರಿನಲ್ಲಿ ಬ್ರಷ್ಷಿನಿಂದ ತೊಳೆಯಬೇಕು. ರಾತ್ರಿ ತೆಗೆದು ತಣ್ಣೀರಿನ ಬಟ್ಟಲಿನಲ್ಲಿಟ್ಟು, ಬರಿ ವಸಡನ್ನು ಒದ್ದೆಬಟ್ಟೆಯಿಂದ ಒರೆಸಿಕೊಂಡು ಮಲಗಬೇಕು. ಹಂಡೆಯ ಬಿಸಿನೀರಿನಲ್ಲಿ ಹಾಕಿದರೆ ಸೊಟ್ಟಗಾಗಿ ಮರುದಿನ ಬಾಯಿಗೆ ಕೂರುವುದಿಲ್ಲ.